ದೀರ್ಘಕಾಲೀನ ಆಯಾಸ ಸಹಲಕ್ಷಣ: ಕಾರಣಗಳ ಕುರಿತ ಆಧಾರಗಳ ಮರುಪರಿಶೀಲನೆ

1. ವ್ಯಾಪ್ತಿ ಮತ್ತು ಪರಿಭಾಷೆ

ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದೂ ಮಯಾಲ್ಜಿಕ್ ಎನ್‌ಸೆಫಲೊಮಯಲೈಟಿಸ್ ಎಂದೂ ವೈದ್ಯಸಾಹಿತ್ಯ ಹೆಸರಿಸುವ ಕಾಯಿಲೆಗೆ (ಮುಂದೆ ಎಂಇ/ಸಿಎಫ್‌ಎಸ್) ಇದುವರೆಗೆ ಸೂಚಿಸಲಾದ ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂದು ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ಚಿಕಿತ್ಸೆಯ ಪ್ರಸ್ತಾಪ ಕಾರಣದ ಪ್ರಶ್ನೆಗೆ ಅಗತ್ಯವಿರುವಷ್ಟು ಮಾತ್ರ ಬರುತ್ತದೆ.

'ಕಾರಣ' ಎಂಬ ಒಂದೇ ಶಬ್ದದಡಿ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಕಾಯಿಲೆಯನ್ನು ಆರಂಭಿಸಿದ್ದು ಯಾವುದು? ಆರಂಭಿಸಿದ್ದು ಇಲ್ಲವಾದ ಮೇಲೂ ಅದನ್ನು ವರ್ಷಗಟ್ಟಲೆ ಉಳಿಸುವುದು ಯಾವುದು? ರೋಗಿಯ ದೇಹದಲ್ಲಿ ಅಳತೆಗೆ ಸಿಕ್ಕ ವ್ಯತ್ಯಾಸ ಕಾಯಿಲೆಯ ಮೂಲವೋ, ಅದರ ಫಲವೋ? ಇವನ್ನು ಇಲ್ಲಿ ಕ್ರಮವಾಗಿ ಪ್ರಚೋದಕ, ಪೋಷಕ, ಪರಿಣಾಮ ಎಂದು ಕರೆಯಲಾಗಿದೆ. ಪ್ರಚೋದಕಕ್ಕೆ ನಿಮಿತ್ತಕಾರಣ ಎಂಬ ಹಳೆಯ ಪದ ಒದಗುತ್ತಿತ್ತು. ತರ್ಕಶಾಸ್ತ್ರದ ಅರ್ಥಭಾರ ಇಲ್ಲಿಗೆ ಬೇಡವೆಂದು ಅದನ್ನು ಬಿಡಲಾಗಿದೆ. ಪ್ರಕಟಿತ ವಿವಾದಗಳಲ್ಲಿ ಗಣನೀಯ ಭಾಗ ಈ ಮೂರನ್ನು ಬೆರೆಸಿದ್ದರಿಂದ ಹುಟ್ಟಿರಬಹುದು ಎಂಬುದು ಈ ಟಿಪ್ಪಣಿಯ ಪ್ರತಿಪಾದನೆ. ಪ್ರಚೋದಕದ ಬಗ್ಗೆ ಆಧಾರ ಬಲವಾಗಿದೆ. ಪೋಷಕದ ಬಗ್ಗೆ ದುರ್ಬಲವಾಗಿದೆ. ಪರಿಣಾಮವನ್ನು ಪೋಷಕವೆಂದು ಓದಿದ ಸಾಧ್ಯತೆ ಹಲವೆಡೆ ಉಳಿದಿದೆ.

2. ಹೆಸರು ಮತ್ತು ವ್ಯಾಖ್ಯೆ: ಕಾಲಾನುಕ್ರಮ

ಮಯಾಲ್ಜಿಕ್ ಎನ್‌ಸೆಫಲೊಮಯಲೈಟಿಸ್ ಎಂಬ ಹೆಸರು, ಹಿಂದೆ 'ಬಿನೈನ್' (ನಿರಪಾಯಕಾರಿ) ಎಂಬ ವಿಶೇಷಣದೊಡನೆ, 1956ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಸಹಿಯಿಲ್ಲದ ಸಂಪಾದಕೀಯವೊಂದರಲ್ಲಿ ಬಂತು. ಅದನ್ನು ಬರೆದವರು ಡೊನಾಲ್ಡ್ ಅಚೆಸನ್ ಎಂಬುದು ನಂತರದ ಸಾಮಾನ್ಯ ಅಭಿಪ್ರಾಯ. 1959ರ ಅವರ ಸಮೀಕ್ಷೆಯಂತೂ ಅವರ ಸಹಿಯಲ್ಲೇ ಇದೆ. 'ಬಿನೈನ್' ಎಂದರೆ ಇಲ್ಲಿ ಸಾವು ತಾರದ್ದು ಎಂದಷ್ಟೇ ಅರ್ಥ. ಆ ಮಾತು ರೋಗಿಗಳ ನಿಜಸ್ಥಿತಿಗೆ ಹೊಂದದ ಕಾರಣ ಕ್ರಮೇಣ ಬಿಟ್ಟುಹೋಯಿತು, ಹೋಗಬೇಕಾದದ್ದೂ ಹೌದು. 'ಎನ್‌ಸೆಫಲೊಮಯಲೈಟಿಸ್' ಎಂಬುದಕ್ಕೆ, ಅಂದರೆ ಮಿದುಳು ಹಾಗೂ ಮಿದುಳುಬಳ್ಳಿಯ ಉರಿಯೂತಕ್ಕೆ, ನೇರ ಅಂಗಾಂಶ ಪುರಾವೆ ಅಂದೂ ಸಾಕಷ್ಟಿರಲಿಲ್ಲ, ಇಂದೂ ಸಾಕಷ್ಟಿಲ್ಲ.

'ಕ್ರಾನಿಕ್ ಫಟೀಗ್ ಸಿಂಡ್ರೋಮ್' 1988ರ ಹೆಸರು. ಅಮೆರಿಕದ ನೆವಾಡ ರಾಜ್ಯದ ಇನ್‌ಕ್ಲೈನ್ ವಿಲೇಜ್ ಊರಿನಲ್ಲಿ 1984-85ರಲ್ಲಿ ಕಂಡುಬಂದ ಗುಂಪು ಪ್ರಕರಣಗಳ ತನಿಖೆಯ ಮುಂದುವರಿಕೆಯಾಗಿ, ಗ್ಯಾರಿ ಹೋಮ್ಸ್ ಮತ್ತು ಸಹಲೇಖಕರು ಅದನ್ನು ಪ್ರಸ್ತಾಪಿಸಿದರು. ಆಗ ಶಂಕೆ ಎಪ್‌ಸ್ಟೈನ್-ಬಾರ್ ವೈರಸ್ಸಿನ ಮೇಲಿತ್ತು. ಆ ಸಂಬಂಧ ಖಚಿತವಾಗದ ಕಾರಣ ವೈರಸ್ಸಿನ ಹೆಸರು ಬಿಟ್ಟು ಲಕ್ಷಣದ ಹೆಸರನ್ನು ಇಡಲಾಯಿತು. ಶಾಸ್ತ್ರದೃಷ್ಟಿಯಿಂದ ಈ ಸಂಯಮ ಸರಿಯಾದದ್ದೇ. ಆದರೆ ಕಾಯಿಲೆಯ ಗುರುತು 'ಆಯಾಸ'ಕ್ಕೆ ಅಂಟಿಕೊಂಡದ್ದು ಇದರಿಂದಲೇ.

ಮುಂದಿನ ವ್ಯಾಖ್ಯೆಗಳಲ್ಲಿ ಗಮನಿಸಬೇಕಾದದ್ದು ಒಂದೇ ಲಕ್ಷಣದ ಸ್ಥಾನ. ದೈಹಿಕ ಅಥವಾ ಮಾನಸಿಕ ಶ್ರಮದ ನಂತರ, ಎಷ್ಟೋ ಸಲ ಗಂಟೆಗಳು ಅಥವಾ ಒಂದು ದಿನ ತಡವಾಗಿ, ಎಲ್ಲ ಲಕ್ಷಣಗಳೂ ಹದಗೆಟ್ಟು ದಿನಗಟ್ಟಲೆ ಇಳಿಯದಿರುವ ಸ್ಥಿತಿಯನ್ನು ಇಲ್ಲಿ 'ಶ್ರಮೋತ್ತರ ಉಲ್ಬಣ' ಎನ್ನಲಾಗಿದೆ. 1991ರ ಆಕ್ಸ್‌ಫರ್ಡ್ ಮಾನದಂಡದಲ್ಲಿ ಇದು ಕಡ್ಡಾಯವಲ್ಲ. 1994ರ ಫುಕುಡ ಮಾನದಂಡದಲ್ಲಿ ಎಂಟು ಲಕ್ಷಣಗಳ ಪೈಕಿ ಒಂದು. ನಾಲ್ಕು ಇದ್ದರೆ ಸಾಕಾದ್ದರಿಂದ ಇದಿಲ್ಲದೆಯೂ ರೋಗನಿರ್ಣಯ ಸಾಧ್ಯ. 2003ರ ಕೆನಡ ಒಮ್ಮತದ ಮಾನದಂಡ ಮತ್ತು 2015ರ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಇದನ್ನು ಕಡ್ಡಾಯಗೊಳಿಸಿದವು. ಹೀಗಾಗಿ 1991ರ ಮಾನದಂಡದಂತೆ ಆಯ್ದ ನೂರು ರೋಗಿಗಳೂ 2003ರ ಮಾನದಂಡದಂತೆ ಆಯ್ದ ನೂರು ರೋಗಿಗಳೂ ಒಂದೇ ಜನಸಮೂಹವೆಂದು ಊಹಿಸಲು ಆಧಾರವಿಲ್ಲ.

3. ಎಣಿಕೆಯ ವ್ಯತ್ಯಾಸ

ವ್ಯಾಖ್ಯೆ ಬದಲಾದರೆ ಸಂಖ್ಯೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಮೂರು ಸಮೀಕ್ಷೆಗಳು ಸಾಕು. ಶಿಕಾಗೊ ನಗರದಲ್ಲಿ ಲೆನರ್ಡ್ ಜೇಸನ್ ಮತ್ತು ತಂಡ ಕಂಡ ಪ್ರಮಾಣ (1999) ಶೇ. 0.42. ಕಾನ್ಸಸ್‌ನ ವಿಚಿಟದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕಂಡದ್ದು (2003) ಒಂದು ಲಕ್ಷಕ್ಕೆ 235, ಅಂದರೆ ಶೇ. 0.235. ಅದೇ ಕೇಂದ್ರದ ತಂಡ ಜಾರ್ಜಿಯ ರಾಜ್ಯದಲ್ಲಿ ಕಂಡದ್ದು (2007) ಶೇ. 2.54. ಒಂದೇ ಸಂಸ್ಥೆಯ ಎರಡು ಅಂಕಿಗಳ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿದೆ. ಸ್ಥಳಭೇದವನ್ನು ಪೂರ್ತಿ ತಳ್ಳಿಹಾಕಲಾಗದಿದ್ದರೂ, ಎರಡರ ನಡುವೆ 2005ರಲ್ಲಿ ರೋಗಿಗಳನ್ನು ಗುರುತಿಸುವ ಪ್ರಶ್ನಾವಳಿ ವಿಧಾನವೇ ಬದಲಾದದ್ದು ಹೆಚ್ಚು ಸಂಭಾವ್ಯ ವಿವರಣೆ. ಹೊಸ ವಿಧಾನದಲ್ಲಿ, ತೀವ್ರ ಖಿನ್ನತೆ ಮಾತ್ರ ಇದ್ದವರಲ್ಲಿ ಶೇ. 38ರಷ್ಟು ಮಂದಿ ಸಿಎಫ್‌ಎಸ್ ಗುಂಪಿಗೆ ಸೇರಿಬಿಡುತ್ತಾರೆ ಎಂದು ಜೇಸನ್ ತಂಡ 2009ರಲ್ಲಿ ತೋರಿಸಿತು.

ಖಿನ್ನರಾದವರನ್ನು ರೋಗಿಗಳ ಗುಂಪಿಗೆ ಸೇರಿಸಿಕೊಂಡ ಅಧ್ಯಯನಕ್ಕೆ ಖಿನ್ನತೆಯೇ ಕಾಯಿಲೆಯ ಕಾರಣವೆಂದು ಕಾಣುವ ಸಂಭವ ಹೆಚ್ಚು. ಇದು ಯಾರ ದುರುದ್ದೇಶವೂ ಅಲ್ಲ, ರೋಗಿಗಳ ಆಯ್ಕೆಯಲ್ಲಿನ ದೋಷ. ಮುಂದಿನ ಪ್ರತಿಯೊಂದು ಅಂಕಿಯನ್ನು ಓದುವಾಗ ಯಾವ ವ್ಯಾಖ್ಯೆ, ಕಾಯಿಲೆಯ ಎಷ್ಟನೆಯ ತಿಂಗಳು, ಯಾವ ಹೋಲಿಕೆ ಗುಂಪು ಎಂಬ ಮೂರನ್ನೂ ಜೊತೆಗೆ ಓದಬೇಕು.

4. ಗುಂಪು ಪ್ರಕರಣಗಳು, 1934-1955

4.1. ಲಾಸ್ ಏಂಜಲೀಸ್ ಕೌಂಟಿ ಆಸ್ಪತ್ರೆಯಲ್ಲಿ 1934ರಲ್ಲಿ 198 ಸಿಬ್ಬಂದಿ ಕಾಯಿಲೆಬಿದ್ದರು. ಅಲೆಕ್ಸಾಂಡರ್ ಗಿಲಿಯಂ ಅವರ ವರದಿ 1938ರದು. ಊರಿನಲ್ಲಿ ಆಗ ಪೋಲಿಯೊ ಹರಡಿತ್ತು. ಆಸ್ಪತ್ರೆಯ ಪ್ರಕರಣಗಳನ್ನೂ ಮೊದಲು ಅಸಹಜ ಪೋಲಿಯೊ ಎಂದೇ ಬಗೆಯಲಾಯಿತು. ಐಸ್‌ಲೆಂಡಿನ ಅಕುರೇರಿಯಲ್ಲಿ 1948-49ರ ಚಳಿಗಾಲದಲ್ಲಿ ಹೋಲುವ ಘಟನೆ ನಡೆಯಿತು. 1955ರಲ್ಲಿ ಆ ದೇಶದಲ್ಲಿ ಪೋಲಿಯೊ ಹರಡಿದಾಗ ಅಕುರೇರಿ ಪ್ರದೇಶ ಬಹುಮಟ್ಟಿಗೆ ಪಾರಾಯಿತು ಎಂಬುದನ್ನು ಬ್ಯೋರ್ನ್ ಸಿಗುರ್ಡ್‌ಸನ್ ಮತ್ತು ಸಹಲೇಖಕರು 1958ರಲ್ಲಿ ದಾಖಲಿಸಿದ್ದಾರೆ. ಪೋಲಿಯೊಗೆ ಹತ್ತಿರದ ವೈರಸ್ಸೊಂದು ಮೊದಲೇ ಅಲ್ಲಿ ಹಾದುಹೋಗಿ ರಕ್ಷಣೆ ಕೊಟ್ಟಿರಬಹುದು ಎಂಬುದು ಇದರಿಂದ ಹೊರಡುವ ಅನುಮಾನ. ಅನುಮಾನ ಆಕರ್ಷಕವಾಗಿದೆ, ವೈರಸ್ ಮಾತ್ರ ಕೈಗೆ ಸಿಕ್ಕಿಲ್ಲ.

4.2. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಘಟನೆ 1955ರ ಜುಲೈ 13ರಂದು ಆರಂಭವಾಯಿತು. ಜುಲೈ 25ರಿಂದ ಅಕ್ಟೋಬರ್ 5ರವರೆಗೆ ಆಸ್ಪತ್ರೆಯನ್ನೇ ಮುಚ್ಚಲಾಯಿತು. ನವೆಂಬರ್ ಅಂತ್ಯದ ಹೊತ್ತಿಗೆ ಕಾಯಿಲೆಬಿದ್ದ ಸಿಬ್ಬಂದಿ 292, ಒಳರೋಗಿಗಳಾಗಿ ದಾಖಲಾದವರು 255. ಈ ಎರಡು ಸಂಖ್ಯೆಗಳು ಒಂದರ ಬದಲು ಇನ್ನೊಂದಾಗಿ ಉಲ್ಲೇಖಗೊಳ್ಳುವುದುಂಟು. ಅವು ಬೇರೆ ಬೇರೆ. ಆಗಲೇ ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆಯಲ್ಲಿದ್ದ ರೋಗಿಗಳ ಪೈಕಿ ಬಾಧಿತರಾದವರು 12 ಮಂದಿ ಮಾತ್ರ. ಈ ಅಸಮತೆಯೇ ಮುಂದಿನ ವಿವಾದದ ಬೀಜ.

4.3. ಕಾಲಿನ್ ಮೆಕ್ಇವೆಡಿ ಮತ್ತು ಎ. ಡಬ್ಲ್ಯು. ಬಿಯರ್ಡ್ 1970ರ ಜನವರಿಯಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಎರಡು ಲೇಖನ ಪ್ರಕಟಿಸಿ ಇದು ಸಾಮೂಹಿಕ ಉನ್ಮಾದವೆಂದು ವಾದಿಸಿದರು. ಮಹಿಳಾ ಸಿಬ್ಬಂದಿಯಲ್ಲಿ ಬಾಧೆ ಹೆಚ್ಚಿದ್ದದ್ದು ಮತ್ತು ನರಳಾಟದ ತೀವ್ರತೆಗೆ ಹೋಲಿಸಿದರೆ ಜ್ವರ ಕಡಿಮೆಯಿದ್ದದ್ದು ಅವರ ಮುಖ್ಯ ಆಧಾರಗಳು. ಅವರು ಓದಿದ್ದು ಹದಿನೈದು ವರ್ಷ ಹಳೆಯ ಕೇಸ್‌ಶೀಟುಗಳನ್ನು. ರೋಗಿಗಳನ್ನು ಪರೀಕ್ಷಿಸಲಿಲ್ಲ, ಮಾತನಾಡಿಸಲೂ ಇಲ್ಲ. 1957ರ ಮೂಲ ವರದಿಯಲ್ಲಿ ದುಗ್ಧಗ್ರಂಥಿಗಳ ಊತ, ಕಣ್ಣಿನ ಸ್ನಾಯುಗಳ ಹಾಗೂ ಮುಖದ ನರದ ದೌರ್ಬಲ್ಯ ದಾಖಲಾಗಿವೆ. ಉನ್ಮಾದದ ವಾದ ಇವಕ್ಕೆ ತೃಪ್ತಿಕರ ಉತ್ತರ ಕೊಡುವುದಿಲ್ಲ. ರೋಸ್‌ಮರಿ ಅಂಡರ್‌ಹಿಲ್ ಮತ್ತು ರೋಸ್‌ಮರೀ ಬೈಲೊಡ್ ಎಂಬ ವೈದ್ಯೆಯರು, ಆ ಕಾಲದಲ್ಲಿ ರಾಯಲ್ ಫ್ರೀಯಲ್ಲಿದ್ದ ಸಿಬ್ಬಂದಿಯನ್ನು ಸಂದರ್ಶಿಸಿ ಇತ್ತೀಚೆಗೆ ಪ್ರಕಟಿಸಿದ ಮರುಪರಿಶೀಲನೆಯೂ ಸೋಂಕಿನ ಪಕ್ಷದಲ್ಲಿದೆ. ಆರು ದಶಕಗಳ ನಂತರದ ನೆನಪನ್ನು ಪ್ರಾಥಮಿಕ ಆಕರವೆಂದು ಎಣಿಸುವಾಗ ಎಚ್ಚರ ಬೇಕು. ಆದರೂ ಅದು ಕಂಡವರ ನೆನಪು ಎಂಬ ವ್ಯತ್ಯಾಸ ಉಳಿಯುತ್ತದೆ.

ಸಿಬ್ಬಂದಿ 292, ರೋಗಿಗಳು 12 ಎಂಬ ಅಸಮತೆಗೆ ವಾಸಸ್ಥಾನದ ವಿವರಣೆಯೂ ಸಾಧ್ಯ. ದಾದಿಯರು ಒಟ್ಟಿಗೆ ಹಾಸ್ಟೆಲಿನಲ್ಲಿದ್ದು ಒಟ್ಟಿಗೆ ಉಣ್ಣುತ್ತಿದ್ದರೆ, ಮಂಚದ ಮೇಲಿದ್ದ ರೋಗಿಗಳಿಗಿಂತ ಅವರ ನಡುವೆ ಸೋಂಕು ಹೆಚ್ಚು ಹರಡುವುದು ಸಹಜ. ಇದೂ ಊಹೆಯೇ, ಉನ್ಮಾದದ ಊಹೆಗಿಂತ ಹೆಚ್ಚಿನ ಸ್ಥಾನಮಾನವನ್ನು ಇದಕ್ಕೆ ಕೇಳುತ್ತಿಲ್ಲ.

5. ಪ್ರಚೋದಕ: ಸೋಂಕಿನ ನಂತರದ ಅನುಸರಣ ಅಧ್ಯಯನಗಳು

5.1. ಗುಂಪು ಪ್ರಕರಣಗಳನ್ನು ಘಟನೆ ಮುಗಿದ ಮೇಲೆ ನೋಡಲಾಯಿತು. ಸೋಂಕು ತಗುಲಿದ ದಿನದಿಂದಲೇ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನಗಳ ತೂಕ ಬೇರೆ. ಇವುಗಳಲ್ಲಿ ಪ್ರಧಾನವಾದದ್ದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಡಬ್ಬೊ ಪಟ್ಟಣದ್ದು (ಇಯಾನ್ ಹಿಕಿ ಮತ್ತು ಸಹಲೇಖಕರು, 2006). ಮೂರು ಸೋಂಕುಗಳನ್ನು ಆರಿಸಿಕೊಳ್ಳಲಾಗಿತ್ತು: ಎಪ್‌ಸ್ಟೈನ್-ಬಾರ್ ವೈರಸ್ಸಿನ ಗ್ರಂಥಿಜ್ವರ, ಕಾಕ್ಸಿಯೆಲ್ಲ ಬರ್ನೆಟಿಯೈ ಬ್ಯಾಕ್ಟೀರಿಯದ ಕ್ಯೂ ಜ್ವರ, ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್ ಜ್ವರ. ಮೂರಕ್ಕೂ ಜೈವಿಕವಾಗಿ ಪರಸ್ಪರ ಸಂಬಂಧವಿಲ್ಲ. 253 ಮಂದಿಯಲ್ಲಿ ಆರು ತಿಂಗಳ ಕೊನೆಗೂ ಕಾಯಿಲೆ ಉಳಿದದ್ದು 29 ಮಂದಿಯಲ್ಲಿ. ಅವರಲ್ಲಿ 28 ಮಂದಿ ಸಿಎಫ್‌ಎಸ್ ಮಾನದಂಡಕ್ಕೆ ಹೊಂದಿದರು.

ಒಂದು ಸಣ್ಣ ಲೆಕ್ಕ. ಸಾರಾಂಶದಲ್ಲಿ 29ರ ಮುಂದೆ ಶೇ. 12 ಎಂದೂ 28ರ ಮುಂದೆ ಶೇ. 11 ಎಂದೂ ಅಚ್ಚಾಗಿದೆ. 29ನ್ನು 253ರಿಂದ ಭಾಗಿಸಿದರೆ ಬರುವುದು ಶೇ. 11.46, ಪೂರ್ಣಾಂಕಕ್ಕೆ ತಂದರೆ 11. ಬಹುಶಃ ಮೊದಲು 11.5ಕ್ಕೂ ಅಲ್ಲಿಂದ 12ಕ್ಕೂ ಏರಿಸಲಾಗಿದೆ. ತೀರ್ಮಾನಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಆ '12' ಅನೇಕ ಸಮೀಕ್ಷಾ ಲೇಖನಗಳಲ್ಲಿ ಸಿಎಫ್‌ಎಸ್ ಪ್ರಮಾಣವೆಂದೇ ಮರುಮುದ್ರಣಗೊಂಡಿರುವುದರಿಂದ ಇಲ್ಲಿ ಗುರುತಿಸಲಾಗಿದೆ.

ಶೇಕಡಾವಾರಿಗಿಂತ ಮುಖ್ಯವಾದ ಫಲಿತಾಂಶಗಳು ಎರಡು. ಮೂರೂ ಸೋಂಕುಗಳ ನಂತರದ ಕಾಯಿಲೆಯ ರೂಪ ಒಂದೇ ಬಗೆಯದಾಗಿತ್ತು. ಯಾರಲ್ಲಿ ಕಾಯಿಲೆ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಮುನ್ಸೂಚಿಸಿದ್ದು ಆರಂಭದ ಜ್ವರದ ತೀವ್ರತೆ. ವಯಸ್ಸು, ಲಿಂಗ, ಮನಃಸ್ಥಿತಿ, ಸೂಕ್ಷ್ಮಜೀವಿಯ ಜಾತಿ ಇವುಗಳಿಗೆ ಆ ಬಲ ಇರಲಿಲ್ಲ. 'ಸಿಎಫ್‌ಎಸ್‌ನ ವೈರಸ್' ಒಂದನ್ನೇ ಹುಡುಕುವ ಪ್ರಯತ್ನದ ಬುಡಕ್ಕೆ ಈ ಫಲಿತಾಂಶ ತಾಗುತ್ತದೆ.

5.2. ಬೆನ್ ಕಾಟ್ಜ್ ಮತ್ತು ಸಹಲೇಖಕರು (2009) ಗ್ರಂಥಿಜ್ವರ ಬಂದ 301 ಹದಿಹರೆಯದವರನ್ನು ಹಿಂಬಾಲಿಸಿದರು. ಸಿಎಫ್‌ಎಸ್ ಪ್ರಮಾಣ ಆರು ತಿಂಗಳಿಗೆ ಶೇ. 13, ಹನ್ನೆರಡಕ್ಕೆ ಶೇ. 7, ಇಪ್ಪತ್ತನಾಲ್ಕಕ್ಕೆ ಶೇ. 4. ಯಾವ ತಿಂಗಳಲ್ಲಿ ಅಳೆದದ್ದು ಎಂದು ಹೇಳದೆ ಈ ಅಂಕಿಗಳಲ್ಲಿ ಒಂದನ್ನು ಮಾತ್ರ ಉಲ್ಲೇಖಿಸುವುದು ದಾರಿತಪ್ಪಿಸಬಲ್ಲದು.

5.3. ನಾರ್ವೆಯ ಬರ್ಗನ್ ನಗರದಲ್ಲಿ 2004ರಲ್ಲಿ ಕುಡಿಯುವ ನೀರಿಗೆ ಜಿಯಾರ್ಡಿಯ ಸೇರಿತು. ಇದು ಏಕಕೋಶ ಪರೋಪಜೀವಿ. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಮೂರು ವರ್ಷದ ನಂತರ ಸೋಂಕಿತರಲ್ಲಿ ಶೇ. 46.1, ಹೋಲಿಕೆ ಗುಂಪಿನಲ್ಲಿ ಶೇ. 12.0 ಮಂದಿ ದೀರ್ಘಕಾಲೀನ ಆಯಾಸವನ್ನು ವರದಿ ಮಾಡಿದರು (ವೆನ್ಸೋಸ್ ಮತ್ತು ಸಹಲೇಖಕರು, 2012). ಇದು 'ದೀರ್ಘಕಾಲೀನ ಆಯಾಸ'ದ ಅಂಕಿ, 'ಸಹಲಕ್ಷಣ'ದ್ದಲ್ಲ. ಸೋಂಕಿಲ್ಲದವರಲ್ಲೂ ಶೇ. 12 ಕಂಡುಬಂದದ್ದು ಆ ಎರಡನ್ನು ಬೆರೆಸಬಾರದೆಂಬುದಕ್ಕೆ ಸಾಕ್ಷಿ.

5.4. ಹಾಂಗ್‌ಕಾಂಗಿನಲ್ಲಿ ಸಾರ್ಸ್‌ನಿಂದ ಬದುಕುಳಿದ 233 ಮಂದಿಯ ಅಧ್ಯಯನ (2009) ಈ ಭೇದವನ್ನು ಒಳಗೇ ತೋರಿಸುತ್ತದೆ: ಆಯಾಸದ ದೂರು ಶೇ. 40.3, ಸಿಎಫ್‌ಎಸ್ ಮಾನದಂಡಕ್ಕೆ ಹೊಂದಿದವರು ಶೇ. 27.1. ಕೋವಿಡ್ ನಂತರದ ಅಮೆರಿಕದ ರಿಕವರ್ ಅಧ್ಯಯನದಲ್ಲಿ (2025) ಸೋಂಕಿತರಲ್ಲಿ ಎಂಇ/ಸಿಎಫ್‌ಎಸ್ ಶೇ. 4.5, ಸೋಂಕಿಲ್ಲದವರಲ್ಲಿ ಶೇ. 0.6. ಸಾರ್ಸ್ ಅಧ್ಯಯನದವರು ತೀವ್ರ ಕಾಯಿಲೆಯನ್ನು ದಾಟಿ ಬಂದವರು. ಕೋವಿಡ್ ಅಧ್ಯಯನದವರಲ್ಲಿ ಸೌಮ್ಯ ಸೋಂಕಿನವರೂ ಬಹಳ. ಶೇ. 27 ಮತ್ತು ಶೇ. 4.5ರ ಅಂತರ ಭಾಗಶಃ ಇದರಿಂದ ಬಂದಿರಬಹುದು. ಡಬ್ಬೊದಲ್ಲಿ ಕಂಡ ತೀವ್ರತೆಯ ಸಂಬಂಧಕ್ಕೆ ಅದು ವಿರುದ್ಧವಾಗಿಯಂತೂ ಇಲ್ಲ.

ವೈರಸ್, ಬ್ಯಾಕ್ಟೀರಿಯ, ಏಕಕೋಶಜೀವಿ ಈ ಮೂರೂ ವರ್ಗಗಳಿಂದ ಹೋಲುವ ಕಾಯಿಲೆ ಹೊರಡುವುದಾದರೆ, ಕಾರಣದ ಎರಡನೆಯ ಭಾಗವಾದ ಪೋಷಕವನ್ನು ಸೂಕ್ಷ್ಮಜೀವಿಯಲ್ಲಿ ಹುಡುಕುವ ಬದಲು ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯಲ್ಲಿ ಹುಡುಕುವುದು ಯುಕ್ತ. ಎಪ್‌ಸ್ಟೈನ್-ಬಾರ್‌ನಂಥ ವೈರಸ್ಸುಗಳು ದೇಹದಲ್ಲಿ ಜೀವನಪರ್ಯಂತ ಸುಪ್ತವಾಗಿ ಉಳಿಯುವುದರಿಂದ, ಅವು ಮತ್ತೆ ಎಚ್ಚೆತ್ತು ಪೋಷಕವೂ ಆಗುತ್ತವೆಯೇ ಎಂಬ ಪ್ರಶ್ನೆ ಮಾತ್ರ ಇನ್ನೂ ತೆರೆದಿದೆ.

6. ಎಕ್ಸ್‌ಎಂಆರ್‌ವಿ, 2009-2012: ತಿದ್ದಿಕೊಂಡ ತಪ್ಪು

'ಸೈನ್ಸ್' ಪತ್ರಿಕೆಯ 2009ರ ಅಕ್ಟೋಬರ್ ಲೇಖನವೊಂದು 101 ರೋಗಿಗಳ ಪೈಕಿ 68ರಲ್ಲಿ (ಶೇ. 67), 218 ಆರೋಗ್ಯವಂತರ ಪೈಕಿ 8ರಲ್ಲಿ (ಶೇ. 3.7) ಎಕ್ಸ್‌ಎಂಆರ್‌ವಿ ಎಂಬ ರೆಟ್ರೊವೈರಸ್ ಕಂಡಿತೆಂದು ವರದಿ ಮಾಡಿತು. 2010ರ ಜನವರಿಯಲ್ಲಿ ಬ್ರಿಟನ್ನಿನ ತಂಡವೊಂದು 186 ರೋಗಿಗಳಲ್ಲಿ ಹುಡುಕಿತು, ಒಬ್ಬರಲ್ಲೂ ಸಿಗಲಿಲ್ಲ. ಅದೇ ವರ್ಷ ಬೇರೊಂದು ತಂಡ ಹೋಲುವ ಇಲಿ-ವೈರಸ್ ತುಣುಕುಗಳನ್ನು 37ರಲ್ಲಿ 32 ರೋಗಿಗಳಲ್ಲಿ ಕಂಡಿರುವುದಾಗಿ ಹೇಳಿದ್ದರಿಂದ ವಿಷಯ ಇನ್ನಷ್ಟು ತೊಡಕಾಯಿತು. 2011ರಲ್ಲಿ ಪಪ್ರೊಟ್ಕ ಮತ್ತು ಸಹಲೇಖಕರು ಎಕ್ಸ್‌ಎಂಆರ್‌ವಿಯ ಜನ್ಮವೃತ್ತಾಂತವನ್ನೇ ಕಂಡುಹಿಡಿದರು. ಪ್ರಾಸ್ಟೇಟ್ ಕ್ಯಾನ್ಸರ್ ಅಂಗಾಂಶವೊಂದನ್ನು ಪ್ರಯೋಗಾಲಯದ ಇಲಿಗಳಲ್ಲಿ ಬೆಳೆಸುವಾಗ, ಇಲಿಯ ಎರಡು ವೈರಸ್ ಅಂಶಗಳು ಕೂಡಿ ಅದು ಹುಟ್ಟಿತ್ತು. ಕಾಲ 1993-96ರ ನಡುವೆ. ಅದಕ್ಕೂ ಮೊದಲೇ ಕಾಯಿಲೆಬಿದ್ದವರಿಗೆ ಅದು ಕಾರಣವಾಗುವುದು ಅಸಾಧ್ಯ. 2011ರ ಸೆಪ್ಟೆಂಬರಿನಲ್ಲಿ ಮೂಲ ಲೇಖನದ ಒಂದು ಭಾಗ, ಡಿಸೆಂಬರಿನಲ್ಲಿ ಪೂರ್ಣ ಲೇಖನ ಹಿಂತೆಗೆತವಾಯಿತು. ಇಲಿ-ವೈರಸ್ ತುಣುಕುಗಳನ್ನು ವರದಿ ಮಾಡಿದ್ದ ತಂಡದ ಲೇಖನವೂ ಅದೇ ತಿಂಗಳು ಹೋಯಿತು. 2012ರಲ್ಲಿ 147 ರೋಗಿಗಳು ಮತ್ತು 146 ಹೋಲಿಕೆಯವರ ಮಾದರಿಗಳನ್ನು ಗುರುತು ಮರೆಮಾಡಿ ಹಲವು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಅಧ್ಯಯನ ಪ್ರಶ್ನೆಯನ್ನು ಮುಗಿಸಿತು.

ಈ ಅಧ್ಯಾಯವನ್ನು ವಿಜ್ಞಾನದ ಸೋಲೆಂದು ಓದಬೇಕಾಗಿಲ್ಲ. ಎರಡು ವರ್ಷ ಎರಡು ತಿಂಗಳಲ್ಲಿ ಪ್ರತಿಪಾದನೆ, ಮರುಪರೀಕ್ಷೆ, ತಪ್ಪಿನ ಮೂಲದ ಶೋಧ, ಹಿಂತೆಗೆತ ಎಲ್ಲವೂ ನಡೆದವು. ಆದರೆ ಆ ನಡುವೆ ಎಚ್‌ಐವಿಯ ಔಷಧಗಳನ್ನು ತೆಗೆದುಕೊಂಡ ರೋಗಿಗಳೂ ಇದ್ದರು. ಆ ಬೆಲೆ ಯಾವ ಕೋಷ್ಟಕದಲ್ಲೂ ಇಲ್ಲ.

7. ಪೋಷಕ (ಅ): ರೋಗನಿರೋಧಕ ವ್ಯವಸ್ಥೆ

ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳ ಕೊಲ್ಲುವ ಸಾಮರ್ಥ್ಯ ರೋಗಿಗಳಲ್ಲಿ ತಗ್ಗಿರುತ್ತದೆ ಎಂಬ ವರದಿಗಳು 1987ರಿಂದ ಬರುತ್ತಿವೆ. ಎಲ್ಲ ತಂಡಗಳಿಗೂ ಅದೇ ಫಲಿತಾಂಶ ಸಿಕ್ಕಿಲ್ಲ. ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನುಗಳಾದ ಸೈಟೊಕೈನ್‌ಗಳ ವಿಚಾರದಲ್ಲಿ ಮ್ಯಾಡಿ ಹೋರ್ನಿಗ್ ಮತ್ತು ಸಹಲೇಖಕರ 2015ರ ಅಧ್ಯಯನ ಉಪಯುಕ್ತ. 298 ರೋಗಿಗಳನ್ನು ಅವರು ಕಾಯಿಲೆಯ ಅವಧಿಯಿಂದ ವಿಂಗಡಿಸಿದರು: ಮೂರು ವರ್ಷ ಅಥವಾ ಕಡಿಮೆ (52), ಅದಕ್ಕಿಂತ ಹೆಚ್ಚು (246). ಮೊದಲ ಗುಂಪಿನಲ್ಲಿ ಅನೇಕ ಸೈಟೊಕೈನ್‌ಗಳು ಏರಿದ್ದವು, ಎರಡನೆಯದರಲ್ಲಿ ಏರಿರಲಿಲ್ಲ. ಇದು ಮರುಪರೀಕ್ಷೆಯಲ್ಲೂ ನಿಂತರೆ, ಅವಧಿಯನ್ನು ವಿಂಗಡಿಸದ ಹಿಂದಿನ ಹಲವು ಅಧ್ಯಯನಗಳು ಒಂದಕ್ಕೊಂದು ವಿರುದ್ಧವಾದದ್ದು ಏಕೆಂಬುದಕ್ಕೆ ಉತ್ತರ ಸಿಕ್ಕೀತು. 52 ಮಂದಿಯ ಗುಂಪು ಚಿಕ್ಕದು ಎಂಬುದನ್ನೂ ಮರೆಯಲಾಗದು.

ಬಿ ಕೋಶಗಳನ್ನು ತೆಗೆದುಹಾಕುವ ರಿಟಕ್ಸಿಮ್ಯಾಬ್ ಔಷಧದ ಕತೆ ಬೋಧಪ್ರದ. ಬರ್ಗನ್‌ನ ಹೌಕೆಲಂಡ್ ಆಸ್ಪತ್ರೆಯ ಓಯ್‌ಸ್ಟೈನ್ ಫ್ಲೂಗೆ ಮತ್ತು ಒಲಾವ್ ಮೆಲ್ಲ, ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ರೋಗಿಯಲ್ಲಿ ಆಯಾಸ ಸಹಲಕ್ಷಣವೂ ಇಳಿದದ್ದನ್ನು ಗಮನಿಸಿ ಈ ದಾರಿ ಹಿಡಿದರು. 2011ರ 30 ಮಂದಿಯ ಪ್ರಯೋಗದಲ್ಲಿ ಔಷಧ ಪಡೆದ 15ರಲ್ಲಿ 10 ಮಂದಿಗೆ, ಹುಸಿ ಔಷಧ ಪಡೆದ 15ರಲ್ಲಿ 2 ಮಂದಿಗೆ ಗುಣ ಕಂಡಿತು. 2019ರಲ್ಲಿ ಅದೇ ತಂಡ 151 ಮಂದಿಯ ಮೂರನೆಯ ಹಂತದ ಪ್ರಯೋಗವನ್ನು ಪ್ರಕಟಿಸಿತು: ಗುಣ ಕಂಡವರು ಔಷಧದ ಗುಂಪಿನಲ್ಲಿ ಶೇ. 26.0, ಹುಸಿ ಔಷಧದ ಗುಂಪಿನಲ್ಲಿ ಶೇ. 35.1. ತಮ್ಮದೇ ಊಹೆಯನ್ನು ದೊಡ್ಡ ಪ್ರಯೋಗಕ್ಕೆ ಒಡ್ಡಿ, ಪ್ರತಿಕೂಲ ಫಲವನ್ನು ಹಾಗೆಯೇ ಅಚ್ಚು ಹಾಕಿಸಿದ ಈ ನಡೆ ಗೌರವಕ್ಕೆ ಅರ್ಹ. ಹುಸಿ ಔಷಧದಿಂದಲೂ ಮೂರರಲ್ಲೊಬ್ಬರಿಗೆ ಗುಣ ಕಾಣುವ ಕಾಯಿಲೆಯಲ್ಲಿ, ಹೋಲಿಕೆ ಗುಂಪಿಲ್ಲದ ಯಾವ ಪ್ರಯೋಗವನ್ನೂ ಕಾರಣದ ಸಾಕ್ಷ್ಯವಾಗಿ ಸ್ವೀಕರಿಸಲಾಗದು.

ಹಾಗೆಂದು, ಕಾಯಿಲೆಯನ್ನು ಪೋಷಿಸುವುದು ಪ್ರತಿಕಾಯಗಳು ಎಂಬ ಊಹೆ ಬಿದ್ದುಹೋಯಿತೇ? ಇಲ್ಲ. ಪ್ರತಿಕಾಯಗಳನ್ನು ತಯಾರಿಸುವ ದೀರ್ಘಾಯುಷಿ ಪ್ಲಾಸ್ಮ ಕೋಶಗಳನ್ನು ರಿಟಕ್ಸಿಮ್ಯಾಬ್ ಮುಟ್ಟುವುದಿಲ್ಲ. ಅವನ್ನು ಗುರಿಯಾಗಿಸುವ ಡರಟುಮುಮ್ಯಾಬ್ ಔಷಧವನ್ನು ಅದೇ ತಂಡ 10 ಮಹಿಳೆಯರಲ್ಲಿ ಪರೀಕ್ಷಿಸಿ, 6 ಮಂದಿಗೆ ಗಮನಾರ್ಹ ಗುಣವಾಯಿತೆಂದು 2025ರಲ್ಲಿ ವರದಿ ಮಾಡಿದೆ. ಅಲ್ಲಿ ಹೋಲಿಕೆ ಗುಂಪಿರಲಿಲ್ಲ. ಹಿಂದಿನ ಪ್ಯಾರಾದ ಕೊನೆಯ ಎಚ್ಚರಿಕೆ ಇದಕ್ಕೂ ಪೂರ್ತಿ ಅನ್ವಯಿಸುತ್ತದೆ.

8. ಪೋಷಕ (ಆ): ಶ್ರಮ, ಶಕ್ತಿ, ರಕ್ತಸಂಚಾರ

8.1. ದೇಹ ಬಹುಕಾಲ ಚಟುವಟಿಕೆಯಿಲ್ಲದೆ ಕ್ಷಯಿಸಿದ್ದೂ, ಚಟುವಟಿಕೆಯ ಭಯವೂ ಕಾಯಿಲೆಯನ್ನು ಪೋಷಿಸುತ್ತವೆ ಎಂಬ ಊಹೆ ಬಹುಕಾಲ ಪ್ರಬಲವಾಗಿತ್ತು. ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆಯನ್ನೂ ಪರೀಕ್ಷಿಸಿದ, ಬ್ರಿಟನ್ನಿನ 641 ರೋಗಿಗಳ ಪೇಸ್ ಪ್ರಯೋಗ (2011) ಇದರ ಮೇಲೆ ನಿಂತಿತ್ತು. ರೋಗಿಗಳ ಆಯ್ಕೆ ಆಕ್ಸ್‌ಫರ್ಡ್ ಮಾನದಂಡದಂತೆ ನಡೆದಿತ್ತು. ಗುಣವಾದುದರ ಅಳತೆಗೋಲನ್ನು ಪ್ರಯೋಗ ಆರಂಭವಾದ ಮೇಲೆ ಸಡಿಲಿಸಲಾಯಿತು. ಮೂಲ ಅಳತೆಯಂತೆ ನಡೆಸಿದ ಮರುವಿಶ್ಲೇಷಣೆಯಲ್ಲಿ (2018) ಚೇತರಿಕೆಯ ಲಾಭ ಉಳಿಯಲಿಲ್ಲ. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹಂತಹಂತವಾಗಿ ಏರಿಸುವ ವ್ಯಾಯಾಮದ ಶಿಫಾರಸನ್ನು ಕೈಬಿಟ್ಟಿತು.

ಈ ಊಹೆಗೆ ಹೆಚ್ಚು ನೇರವಾದ ಪರೀಕ್ಷೆ, ಸತತ ಎರಡು ದಿನ ಸೈಕಲ್ ತುಳಿಸಿ ಉಸಿರಿನ ಅನಿಲಗಳನ್ನು ಅಳೆಯುವ ವಿಧಾನ. ಚಟುವಟಿಕೆಯಿಲ್ಲದೆ ದುರ್ಬಲರಾದವರ ಅಳತೆ ಎರಡನೆಯ ದಿನವೂ ಹೆಚ್ಚುಕಡಿಮೆ ಮೊದಲ ದಿನದಷ್ಟೇ ಇರುತ್ತದೆ. ಎಂಇ/ಸಿಎಫ್‌ಎಸ್ ರೋಗಿಗಳಲ್ಲಿ ಎರಡನೆಯ ದಿನ ಇಳಿಯುತ್ತದೆ ಎಂಬುದು ಹಲವು ತಂಡಗಳ ವರದಿ. 84 ರೋಗಿಗಳು ಮತ್ತು 71 ಹೋಲಿಕೆಯವರ ಅಧ್ಯಯನ (ಬೆಟ್ಸಿ ಕೆಲ್ಲರ್ ಮತ್ತು ಸಹಲೇಖಕರು, 2024) ಇವುಗಳಲ್ಲಿ ದೊಡ್ಡದು. ಹಾಸಿಗೆಯಿಂದ ಏಳಲಾಗದ ರೋಗಿಗಳು ಇಂಥ ಯಾವ ಪರೀಕ್ಷೆಗೂ ಬರಲಾರರು. ಆದ್ದರಿಂದ ಇರುವ ದತ್ತಾಂಶವೆಲ್ಲ ಕಾಯಿಲೆಯ ಸೌಮ್ಯ ಮತ್ತು ಮಧ್ಯಮ ಅಂಚಿನದು.

8.2. ಈ ಇಳಿಕೆ ಎಲ್ಲಿಂದ? ಪೈರುವೇಟ್ ಡಿಹೈಡ್ರೊಜಿನೇಸ್ ಕಿಣ್ವದ ತಡೆ (ಫ್ಲೂಗೆ ತಂಡ, 2016, 200 ರೋಗಿಗಳು), ಮೈಟೊಕಾಂಡ್ರಿಯದ ಉಸಿರಾಟ ಪ್ರೋಟೀನು-ಸಂಕೀರ್ಣಗಳ ಜೋಡಣೆಗೆ ಅಡ್ಡಿಯಾಗುವ ಡಬ್ಲ್ಯುಎಎಸ್‌ಎಫ್3 ಪ್ರೋಟೀನಿನ ಹೆಚ್ಚಳ (ಪಾಲ್ ಹ್ವಾಂಗ್ ತಂಡ, 2023, 14 ರೋಗಿಗಳ ಸ್ನಾಯು) ಸೂಚಿತವಾಗಿವೆ. ಎರಡೂ ಗಮನಾರ್ಹ, ಎರಡಕ್ಕೂ ಸ್ವತಂತ್ರ ಮರುಪರೀಕ್ಷೆ ಬೇಕು. ಲಾಂಗ್ ಕೋವಿಡ್ ರೋಗಿಗಳಿಗೆ ಶ್ರಮ ಕೊಟ್ಟು, ಮೊದಲೂ ನಂತರವೂ ತೊಡೆಯ ಸ್ನಾಯುವಿನ ತುಣುಕು ತೆಗೆದ ಆಮ್‌ಸ್ಟರ್‌ಡ್ಯಾಂ ಅಧ್ಯಯನ (2024, 25 ರೋಗಿಗಳು, 21 ಹೋಲಿಕೆಯವರು) ಉಲ್ಬಣದ ಹೊತ್ತಿನಲ್ಲಿ ಸ್ನಾಯುವಿನ ಹಾನಿ ಹೆಚ್ಚುವುದನ್ನು ಕಂಡಿತು. ಇದರ ಬಲ ಸಂಖ್ಯೆಗಿಂತ ವಿನ್ಯಾಸದಲ್ಲಿದೆ: ಅದೇ ವ್ಯಕ್ತಿಯ ಮೊದಲಿನ ಸ್ಥಿತಿಯೇ ಹೋಲಿಕೆಗೆ ಸಿಗುತ್ತದೆ.

8.3. ಓರೆಯಾಗಿ ಎತ್ತಿ ನಿಲ್ಲಿಸುವ ಮೇಜಿನ ಪರೀಕ್ಷೆಯಲ್ಲಿ ಮಿದುಳಿನ ರಕ್ತಹರಿವು 429 ರೋಗಿಗಳಲ್ಲಿ ಸರಾಸರಿ ಶೇ. 26, ಆರೋಗ್ಯವಂತರಲ್ಲಿ ಶೇ. 7 ಇಳಿಯಿತೆಂದು ನೆದರ್ಲೆಂಡ್ಸಿನ ವ್ಯಾನ್ ಕಾಂಪನ್ ತಂಡ 2020ರಲ್ಲಿ ವರದಿ ಮಾಡಿತು. ರಕ್ತದೊತ್ತಡ, ನಾಡಿಬಡಿತ ಸಹಜವಾಗಿದ್ದವರಲ್ಲೂ ಇಳಿಕೆಯಿತ್ತು. 'ಬಿಪಿ ಸರಿಯಿದೆ, ಏನೂ ತೊಂದರೆಯಿಲ್ಲ' ಎಂದು ಕಳಿಸಲ್ಪಟ್ಟವರ ಮಟ್ಟಿಗೆ ಇದು ಮುಖ್ಯ. ಆದರೆ ಇದು ಪೋಷಕವೋ ಪರಿಣಾಮವೋ ಎಂದು ಈ ವಿನ್ಯಾಸ ಹೇಳಲಾರದು.

8.4. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಳವಾದ ಅಧ್ಯಯನ (ಬ್ರಯನ್ ವಾಲಿಟ್ ಮತ್ತು ಸಹಲೇಖಕರು, 2024) 17 ರೋಗಿಗಳನ್ನೂ 21 ಹೋಲಿಕೆಯವರನ್ನೂ ಒಳಗೊಂಡಿತ್ತು. ಮಿದುಳು-ಮಿದುಳುಬಳ್ಳಿ ದ್ರವದಲ್ಲಿ ಕ್ಯಾಟಿಕಾಲ್‌ಗಳ ಇಳಿಕೆ, ಬಿ ಕೋಶಗಳ ವ್ಯತ್ಯಾಸ ಕಂಡವು. ರೋಗಿಗಳು ಕಡಿಮೆ ಶ್ರಮದ ಕೆಲಸವನ್ನು ಆರಿಸಿಕೊಳ್ಳುವುದಕ್ಕೆ ಲೇಖಕರು ಮುಂದಿಟ್ಟ 'ಪ್ರಯತ್ನದ ಆಯ್ಕೆ'ಯ ವ್ಯಾಖ್ಯಾನ ವಿವಾದಕ್ಕೀಡಾಯಿತು: ಮುಂದಿನ ಉಲ್ಬಣವನ್ನು ತಿಳಿದಿರುವವರು ಶ್ರಮ ಉಳಿಸಿಕೊಳ್ಳುವುದು ಕಾಯಿಲೆಯ ಕಾರಣವಾಗಲಾರದು ಎಂಬುದು ಆಕ್ಷೇಪ. ಆಕ್ಷೇಪ ಸಮಂಜಸವೆಂದೇ ತೋರುತ್ತದೆ. ನಾಲ್ವರು ಮುಂದೆ ತಾವಾಗಿ ಗುಣಮುಖರಾದರು. 17ರಲ್ಲಿ 4 ಎಂಬುದು ಯಾವ ಸರಾಸರಿಯನ್ನೂ ಅಲುಗಿಸಬಲ್ಲ ಸಂಖ್ಯೆ.

9. ಅನುವಂಶೀಯತೆ

ಪರಿಣಾಮವನ್ನು ಕಾರಣವೆಂದು ತಪ್ಪಾಗಿ ಓದುವ ಅಪಾಯ ಇಲ್ಲಿ ಕಡಿಮೆ. ಹುಟ್ಟಿನೊಂದಿಗೆ ಬಂದ ಡಿಎನ್‌ಎ ಅನುಕ್ರಮವನ್ನು ಕಾಯಿಲೆ ಬದಲಿಸದು. ಎಡಿನ್‌ಬರ ವಿಶ್ವವಿದ್ಯಾಲಯದ ನೇತೃತ್ವದ ಡಿಕೋಡ್‌ಎಂಇ ಅಧ್ಯಯನ 2025ರ ಆಗಸ್ಟಿನಲ್ಲಿ ಪ್ರಿಪ್ರಿಂಟ್ ಆಗಿ ಹೊರಬಂತು: 15,579 ರೋಗಿಗಳು, 2,59,909 ಹೋಲಿಕೆಯವರು, ಎಂಟು ವರ್ಣತಂತು ಸ್ಥಾನಗಳಲ್ಲಿ ಗಣನೀಯ ವ್ಯತ್ಯಾಸ. ಆ ಸ್ಥಾನಗಳ ಸಮೀಪದ ಜೀನುಗಳಲ್ಲಿ ಕೆಲವು ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಗೆ, ಕೆಲವು ನರವ್ಯೂಹಕ್ಕೆ ಸಂಬಂಧಿಸಿದವು. ಐದನೆಯ ವಿಭಾಗದ ಊಹೆಗೆ ಇದು ಹೊಂದುತ್ತದೆ. ಆದರೆ ಒಂದೊಂದು ಸ್ಥಾನದ ಪ್ರಭಾವವೂ ಚಿಕ್ಕದು, ಬೇರೆ ಸಮೂಹಗಳಲ್ಲಿ ಮರುಪರೀಕ್ಷೆ ಸ್ಪಷ್ಟವಾಗಿ ಸಫಲವಾಗಿಲ್ಲ, ಭಾಗಿಗಳೆಲ್ಲ ಯುರೋಪಿಯನ್ ಮೂಲದವರು. ಭಾರತೀಯ ಸಮೂಹಗಳಿಗೆ ಈ ಫಲಿತಾಂಶವನ್ನು ಸದ್ಯ ವಿಸ್ತರಿಸಲಾಗದು.

10. ಭಾರತದ ದತ್ತಾಂಶ: ಎರಡು ಅಂಶಗಳು

10.1. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಹಲೇಖಕರು ನಡೆಸಿದ ಮಹಿಳೆಯರ ಸಮೀಕ್ಷೆಯಲ್ಲಿ (2005) ದೀರ್ಘಕಾಲೀನ ಆಯಾಸದ ಪ್ರಮಾಣ ಶೇ. 12.1. ಬಡತನ ಮತ್ತು ಮಾನಸಿಕ ಅನಾರೋಗ್ಯದೊಂದಿಗೆ ಸಂಬಂಧ ಕಂಡಿತು. ಹಿಮೋಗ್ಲೋಬಿನ್ ಪ್ರಮಾಣದೊಂದಿಗೆ ಕಾಣಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019-21) 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57.0 ಮಂದಿಗೆ ರಕ್ತಹೀನತೆಯಿರುವ ದೇಶದಲ್ಲಿ ಈ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾದದ್ದು. ಸುಸ್ತೆಂದು ಬಂದವರಿಗೆಲ್ಲ ಕಬ್ಬಿಣದ ಮಾತ್ರೆ ಸಾಕೆಂಬ ರೂಢಿಯನ್ನು ಅದು ಪ್ರಶ್ನಿಸುತ್ತದೆ. ಆದರೆ ಇದೂ ಆಯಾಸದ ಅಂಕಿಯೇ ಹೊರತು ಎಂಇ/ಸಿಎಫ್‌ಎಸ್‌ನದಲ್ಲ. ಬರ್ಗನ್‌ನ ಹೋಲಿಕೆ ಗುಂಪಿನ 12.0ಕ್ಕೂ ಗೋವಾದ 12.1ಕ್ಕೂ ಇರುವ ಸಾಮ್ಯ ಬಹುಶಃ ಆಕಸ್ಮಿಕ. ಪ್ರಶ್ನೆಗಳೂ ಜನರೂ ಬೇರೆ.

10.2. ಡಬ್ಬೊದ ಮೂರು ಸೋಂಕುಗಳಲ್ಲಿ ಒಂದಾದ ರಾಸ್ ರಿವರ್ ವೈರಸ್ ಆಲ್ಫಾವೈರಸ್ ಕುಲದ್ದು. ಚಿಕುನ್‌ಗುನ್ಯ ವೈರಸ್ಸೂ ಅದೇ ಕುಲದ್ದು, ಹತ್ತಿರದ ಸಂಬಂಧಿ. 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ಚಿಕುನ್‌ಗುನ್ಯ ಪ್ರಕರಣ ವರದಿಯಾದ ರಾಜ್ಯ ಕರ್ನಾಟಕ. ಆಕರಗಳಲ್ಲಿ ಎರಡು ಸಂಖ್ಯೆಗಳಿವೆ: ವಿಶ್ವ ಆರೋಗ್ಯ ಸಂಸ್ಥೆಯ ಅಕ್ಟೋಬರ್ ವರದಿಯಲ್ಲಿ 7,52,245, ಕೇಂದ್ರ ಸರ್ಕಾರದ ವರ್ಷಾಂತ್ಯದ ಪಟ್ಟಿಯಲ್ಲಿ 7,62,026 (ದೇಶದ ಒಟ್ಟು 13,90,322). ವ್ಯತ್ಯಾಸ ಎಣಿಕೆಯ ದಿನಾಂಕದ್ದೆಂದು ತೋರುತ್ತದೆ. ಎರಡೂ ಶಂಕಿತ ಪ್ರಕರಣಗಳ ಲೆಕ್ಕ, ಪ್ರಯೋಗಾಲಯದಲ್ಲಿ ದೃಢಪಟ್ಟವರದಲ್ಲ. ಡಬ್ಬೊದ ಶೇ. 11ನ್ನು ಈ ಸಂಖ್ಯೆಗೆ ಗುಣಿಸಿ ರಾಜ್ಯದ ರೋಗಿಗಳ ಸಂಖ್ಯೆ ಹೇಳುವ ಆಸೆ ಸಹಜ. ಹಾಗೆ ಮಾಡಲು ಆಧಾರವಿಲ್ಲ. ವೈರಸ್ ಬೇರೆ, ಜನರ ವಯೋಮಾನ ಬೇರೆ, ಚಿಕುನ್‌ಗುನ್ಯದ ನಂತರ ಉಳಿಯುವ ಕೀಲುನೋವು ತಾನೇ ಆಯಾಸ ತರಬಲ್ಲದು.

ಚಿಕುನ್‌ಗುನ್ಯದ ನಂತರ ಎಂಇ/ಸಿಎಫ್‌ಎಸ್ ಬರುತ್ತದೆಯೇ ಎಂದು ಮುಂದಿನ ಹಾವಳಿಯಲ್ಲಿ ಪರೀಕ್ಷಿಸಬೇಕೆಂದರೆ ಮೊದಲ ವಾರದ ಜ್ವರದ ತೀವ್ರತೆ, ಸೋಂಕಿನ ಪ್ರಯೋಗಾಲಯ ದೃಢೀಕರಣ, ಆರನೆಯ ತಿಂಗಳಲ್ಲಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಅಳತೆ, ಕೀಲುನೋವಿನ ಪ್ರತ್ಯೇಕ ದಾಖಲೆ ಬೇಕಾಗುತ್ತವೆ. ಪ್ರಶ್ನಾವಳಿಯ ಭಾಷೆಯೂ ಕೆಲಸ ಕೇಳುತ್ತದೆ. ಕನ್ನಡದಲ್ಲಿ ಸುಸ್ತು, ದಣಿವು, ಬಳಲಿಕೆ, ನಿಶ್ಶಕ್ತಿ, ಆಯಾಸ ಎಂಬ ಪದಗಳಿವೆ. ಶ್ರಮೋತ್ತರ ಉಲ್ಬಣವನ್ನು ಇವುಗಳಲ್ಲಿ ಯಾವುದೂ ತಾನಾಗಿ ಸೂಚಿಸುವುದಿಲ್ಲ. 'ಸುಸ್ತಾಗುತ್ತದೆಯೇ?' ಎಂದು ಕೇಳಿದರೆ ಗದ್ದೆಯಿಂದ ಬಂದವರೂ ಹೌದೆನ್ನುತ್ತಾರೆ. ಕೇಳಬೇಕಾದದ್ದು ಹೀಗಿರಬಹುದು: 'ಒಂದು ದಿನ ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಮಾರನೆಯ ದಿನ ಹೇಗಿರುತ್ತೀರಿ? ಮತ್ತೆ ಮೊದಲಿನಂತಾಗಲು ಎಷ್ಟು ದಿನ ಬೇಕು?'